ಬುದ್ಧ ವಿಹಾರಕ್ಕೆ ಹೋಗಬೇಕು ಅಂದುಕೊಂಡಿದ್ದೀರಾ? ಮೊದಲ ಭೇಟಿಯಿಂದ ಸಂಘದಾನದವರೆಗೆ

"ಗಾಂಧಿನಗರದ ಬುದ್ಧ ವಿಹಾರಕ್ಕೆ ನಾವೂ ಹೋಗಬಹುದಾ?" "ಒಳಗೆ ಹೋದ ಮೇಲೆ ಏನು ಮಾಡಬೇಕು?" "ಅಮ್ಮನ ವರ್ಷದ ದಿನ ಭಿಕ್ಷುಗಳಿಗೆ ಊಟ ಕೊಡಬೇಕು ಅಂತ ಆಸೆ, ಯಾರನ್ನು ಕೇಳಬೇಕು?" "ಬುದ್ಧಂ ಸರಣಂ ಅಂದುಬಿಟ್ಟರೆ ಮತಾಂತರ ಆದ ಹಾಗಾ?" ಈ ನಾಲ್ಕು ಪ್ರಶ್ನೆಗಳು ನನಗೆ ಮತ್ತೆ ಮತ್ತೆ ಬರುತ್ತಿವೆ. ಒಬ್ಬೊಬ್ಬರಿಗೂ ಬೇರೆಯಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಶುರು ಮಾಡುವ ಮೊದಲು ಒಂದು ಮಾತು. ದೇವಸ್ಥಾನಕ್ಕೆ ಹೋಗಿ ಅಭ್ಯಾಸ ಇರುವ ನಮಗೆ ವಿಹಾರದಲ್ಲಿ ಏನೋ ಖಾಲಿ ಖಾಲಿ ಅನ್ನಿಸುತ್ತದೆ. ಅಲ್ಲಿ ಅರ್ಚಕರಿಲ್ಲ. ಅರ್ಚನೆ ಚೀಟಿ ಇಲ್ಲ. ಗೋತ್ರ, ನಕ್ಷತ್ರ ಯಾರೂ ಕೇಳುವುದಿಲ್ಲ. ಮಂಗಳಾರತಿ ತಟ್ಟೆ ಬರುವುದಿಲ್ಲ, ತೀರ್ಥ ಕೊಡುವುದಿಲ್ಲ. ಭಿಕ್ಷು ನಿಮ್ಮ ಪರವಾಗಿ ಪೂಜೆ ಮಾಡುವವರಲ್ಲ. ಹೂವು ಇಡುವವರು ನೀವು. ದೀಪ ಹಚ್ಚುವವರು ನೀವು. ಶೀಲ, ಅಂದರೆ ಒಳ್ಳೆಯ ನಡತೆಯ ನಿಯಮ, ತೆಗೆದುಕೊಳ್ಳುವವರು, ಊಟ ಬಡಿಸುವವರು ಎಲ್ಲ ನೀವೇ. ಭಿಕ್ಷು ಹೇಳಿಕೊಡುತ್ತಾರೆ, ದಾರಿ ತೋರಿಸುತ್ತಾರೆ. ಇದೊಂದು ಅರ್ಥವಾದರೆ ಮುಂದಿನದೆಲ್ಲ ಸುಲಭ.

ಹಂತ 1: ಯಾವ ವಿಹಾರ ಅಂತ ತಿಳಿದುಕೊಳ್ಳಿ

ಬೌದ್ಧ ಜಾಗ ಅಂದ ತಕ್ಷಣ ಬಹಳ ಜನರಿಗೆ ನೆನಪಾಗುವುದು ಕೊಡಗಿಗೆ ಹೋಗುವ ದಾರಿಯಲ್ಲಿ ಸಿಗುವ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್. ಅದು ನಾಮ್‌ಡ್ರೋಲಿಂಗ್ ಮಠ, ಟಿಬೆಟನ್ ಸಂಪ್ರದಾಯದ್ದು. ಬೆಂಗಳೂರಿನ ವಿಹಾರವೂ ಹಾಗೇ ಇರುತ್ತದೆ ಅಂದುಕೊಂಡು ಬಂದವರಿಗೆ ಇಲ್ಲಿ ದೊಡ್ಡ ಬಂಗಾರದ ಮೂರ್ತಿಗಳು, ಕಹಳೆಗಳು ಕಾಣದೆ ನಿರಾಸೆ ಆಗುವುದುಂಟು. ಹಾಗಾಗಿ ಮೊದಲೇ ತಿಳಿದಿರಲಿ.

ನಮ್ಮ ಊರಿನಲ್ಲಿ ಮುಖ್ಯವಾಗಿ ಮೂರು ಬಗೆ ಕಾಣುತ್ತೀರಿ.

ಮೊದಲನೆಯದು ಥೇರವಾದ. ಥೇರ ಅಂದರೆ ಹಿರಿಯ ಭಿಕ್ಷು. ಶ್ರೀಲಂಕಾ, ಬರ್ಮಾ, ಥಾಯ್ಲೆಂಡ್‌ಗಳಲ್ಲಿ ಇರುವ ಸಂಪ್ರದಾಯ ಇದು. ಪಠಣ ಪಾಲಿಯಲ್ಲಿ, ಅಂದರೆ ಈ ಸಂಪ್ರದಾಯದ ಹಳೆಯ ಗ್ರಂಥಗಳ ಭಾಷೆಯಲ್ಲಿ. ಗಾಂಧಿನಗರದ ಕಾಳಿದಾಸ ರಸ್ತೆಯ ಮಹಾಬೋಧಿ ಸೊಸೈಟಿ ಈ ಸಂಪ್ರದಾಯದ್ದು. ಇಂಫಾಲದಲ್ಲಿ ಹುಟ್ಟಿದ ಆಚಾರ್ಯ ಬುದ್ಧರಕ್ಖಿತರು ಇದನ್ನು 1956ರಲ್ಲಿ ಕಟ್ಟಿದರು. 2013ರಲ್ಲಿ ತೀರಿಕೊಳ್ಳುವವರೆಗೂ ಬೆಂಗಳೂರೇ ಅವರ ಕೆಲಸದ ನೆಲೆ. ಇಲ್ಲಿ ಕಾಣುವ ಚಿಕ್ಕ ವಯಸ್ಸಿನ ಶ್ರಾಮಣೇರರಲ್ಲಿ, ಅಂದರೆ ಇನ್ನೂ ಪೂರ್ಣ ಭಿಕ್ಷುಗಳಾಗದ ಕಿರಿಯರಲ್ಲಿ, ಈಶಾನ್ಯ ಭಾರತದಿಂದ ಓದಲು ಬಂದವರು ಜಾಸ್ತಿ.

ಎರಡನೆಯದು ಅಂಬೇಡ್ಕರ್ ದಾರಿಯ ವಿಹಾರಗಳು. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಪಡೆದರು. ಲಕ್ಷಾಂತರ ಜನರಿಗೆ ತಾವೇ ದೀಕ್ಷೆ ಕೊಟ್ಟು 22 ಪ್ರತಿಜ್ಞೆಗಳನ್ನು ಹೇಳಿಸಿದರು. ಈ ವಿಹಾರಗಳಲ್ಲಿ ಬುದ್ಧನ ಪಕ್ಕದಲ್ಲಿ ಅವರ ಚಿತ್ರ ಇರುತ್ತದೆ. ವಂದನೆಯ ಜೊತೆಗೆ ಓದು, ಮಕ್ಕಳ ಶಿಕ್ಷಣ, ಸಮಾನತೆಯ ಮಾತು ನಡೆಯುತ್ತದೆ. ಮಾತುಕತೆ ಕನ್ನಡದಲ್ಲೇ ನಡೆಯಬೇಕು ಅನ್ನುವವರಿಗೆ ಇವು ಹತ್ತಿರ ಅನ್ನಿಸುತ್ತವೆ. ಸದಾಶಿವನಗರದ ನಾಗಸೇನ ಬುದ್ಧ ವಿಹಾರದ ಹೆಸರನ್ನು ಬೆಂಗಳೂರಿನಲ್ಲಿ ಹೆಚ್ಚಾಗಿ ಕೇಳುತ್ತೀರಿ.

ಮೂರನೆಯದು ಟಿಬೆಟನ್ ಕೇಂದ್ರಗಳು. ಇವು ಹೆಚ್ಚಾಗಿ ಪಾಠ ಮತ್ತು ಧ್ಯಾನದ ಜಾಗಗಳು. ಗೆಶೆ, ಅಂದರೆ ವರ್ಷಗಟ್ಟಲೆ ಶಾಸ್ತ್ರ ಓದಿ ಪದವಿ ಪಡೆದ ಭಿಕ್ಷು, ಬಂದು ಪಾಠ ಮಾಡುತ್ತಾರೆ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸುತ್ತೇನೆ. ತುಮಕೂರು ರಸ್ತೆಯ ಕಡೆ ಆಲೂರಿನಲ್ಲಿರುವ ಧಮ್ಮ ಪಫುಲ್ಲ ವಿಪಸ್ಸನಾ ಕೇಂದ್ರ ವಿಹಾರವಲ್ಲ. ಅಲ್ಲಿ ಹೂವು, ದೀಪ, ಹಬ್ಬ ಯಾವುದೂ ಇಲ್ಲ. ಮೊದಲೇ ಹೆಸರು ನೋಂದಾಯಿಸಿ 10 ದಿನ ಮೌನವಾಗಿ ಧ್ಯಾನ ಕಲಿಯುವ ಜಾಗ ಅದು. ಸುಮ್ನೆ ನೋಡಿಕೊಂಡು ಬರೋಣ ಅಂತ ಹೋಗಬೇಡಿ.

ಮುಂದೆ ನಾನು ಹೇಳುವುದು ಹೆಚ್ಚಾಗಿ ಥೇರವಾದ ವಿಹಾರದ ಕ್ರಮ. ಅಂಬೇಡ್ಕರ್ ದಾರಿಯ ವಿಹಾರಗಳಲ್ಲೂ ವಂದನೆ ಮತ್ತು ಶೀಲ ಇದೇ ಪಾಲಿಯಲ್ಲಿ ಇರುತ್ತವೆ.

"ಇದು ಹೊರಗಿನಿಂದ ಬಂದದ್ದು ಅಲ್ವಾ?" ಅಂತ ಕೇಳುವವರಿಗೆ ಒಂದು ಮಾತು. ಅಶೋಕನ ಕಾಲದಲ್ಲಿ ಧಮ್ಮ, ಅಂದರೆ ಬುದ್ಧನ ಉಪದೇಶ, ಹೇಳಲು ರಕ್ಖಿತ ಥೇರರನ್ನು ವನವಾಸಿಗೆ ಕಳಿಸಿದರು ಅಂತ ಸಿಂಹಳದ ಹಳೆಯ ಪಾಲಿ ಚರಿತ್ರೆ ಹೇಳುತ್ತದೆ. ವನವಾಸಿ ಅಂದರೆ ನಮ್ಮ ಬನವಾಸಿ ಅನ್ನುವುದು ಬಹಳ ವಿದ್ವಾಂಸರ ಮಾತು. ಅಶೋಕನ ಹೆಸರನ್ನೇ ಹೇಳುವ ಶಾಸನ ಸಿಕ್ಕಿದ್ದು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಸನ್ನತಿಯ ಹತ್ತಿರ ಕನಗನಹಳ್ಳಿಯಲ್ಲಿ ಅವನ ಹೆಸರು ಕೆತ್ತಿದ ಶಿಲ್ಪವೇ ಇದೆ. ಈ ಮಣ್ಣಿಗೆ ಬುದ್ಧ ಹೊಸಬನಲ್ಲ.

ಹಂತ 2: ಮನೆಯಿಂದ ಹೊರಡುವ ಮುಂಚೆ

ಫೋನ್ ಮಾಡಿ. ಇದನ್ನು ಬಿಡಬೇಡಿ. ಬಾಗಿಲು ತೆರೆಯುವ ಹೊತ್ತು, ಸಂಜೆಯ ವಂದನೆಯ ಹೊತ್ತು, ಭಾನುವಾರದ ಧ್ಯಾನ ಅಥವಾ ಪ್ರವಚನ ಇದೆಯೋ ಇಲ್ಲವೋ ಕೇಳಿ. ಇಂಟರ್‌ನೆಟ್ಟಿನಲ್ಲಿ ಕಾಣುವ ಸಮಯ ಹಳೆಯದಾಗಿರಬಹುದು.

ಬಟ್ಟೆ ಸರಳವಾಗಿರಲಿ. ಭುಜ, ಮೊಣಕಾಲು ಮುಚ್ಚಿರಲಿ. ನೆಲದ ಮೇಲೆ ಕೂರಬೇಕಾಗುತ್ತದೆ, ಹಾಗಾಗಿ ಬಿಗಿಯಾದ ಪ್ಯಾಂಟ್ ಬೇಡ. ಹುಣ್ಣಿಮೆಯ ದಿನ ಬಹಳ ಜನ ಬಿಳಿ ಬಟ್ಟೆ ಹಾಕಿಕೊಂಡು ಬರುತ್ತಾರೆ. ಅದು ಕಡ್ಡಾಯವಲ್ಲ.

ಬರಿಗೈಯಲ್ಲಿ ಹೋದರೂ ಏನೂ ತಪ್ಪಿಲ್ಲ. ತರಬೇಕು ಅನ್ನಿಸಿದರೆ ಸ್ವಲ್ಪ ಬಿಡಿ ಹೂವು, ಊದುಬತ್ತಿ, ಮೇಣದ ಬತ್ತಿ ಸಾಕು. ಸೇವಂತಿಗೆ, ಸುಗಂಧರಾಜ, ತಾವರೆ ಯಾವುದಾದರೂ ಆದೀತು. ಕೆ.ಆರ್. ಮಾರ್ಕೆಟ್ಟಿನ ದೊಡ್ಡ ಹಾರ ಬೇಡ. ಮೂರ್ತಿಗೆ ಹಾರ ಹಾಕುವ ರೂಢಿ ಎಲ್ಲ ಕಡೆ ಇರುವುದಿಲ್ಲ. ತೆಂಗಿನಕಾಯಿ, ಕುಂಕುಮ, ಕರ್ಪೂರ ತರಬೇಡಿ. ಕಾಯಿ ಒಡೆಯುವ ಜಾಗ ಅಲ್ಲಿ ಇರುವುದಿಲ್ಲ.

ಹಾ, ಗಾಂಧಿನಗರಕ್ಕೆ ಕಾರು ತೆಗೆದುಕೊಂಡು ಹೋಗಬೇಡಿ. ಪಾರ್ಕಿಂಗ್ ಹುಡುಕುವುದರಲ್ಲೇ ಮನಸ್ಸು ಕೆಡುತ್ತದೆ. ಮೆಜೆಸ್ಟಿಕ್‌ನ ಕೆಂಪೇಗೌಡ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ನಡೆದುಕೊಂಡೇ ಹೋಗಬಹುದು, ಅಥವಾ ಒಂದು ಆಟೋ ಹಿಡಿಯಿರಿ.

ಹಂತ 3: ಒಳಗೆ ಕಾಲಿಟ್ಟ ಮೇಲೆ

ಚಪ್ಪಲಿ ಹೊರಗೆ. ಫೋನ್ ಸೈಲೆಂಟ್ ಅಲ್ಲ, ಪೂರ್ತಿ ಆಫ್ ಮಾಡಿ. ಧ್ಯಾನದ ಕೋಣೆಯಲ್ಲಿ ವೈಬ್ರೇಟರ್ ಸದ್ದೂ ಜೋರಾಗಿ ಕೇಳುತ್ತದೆ.

ಬುದ್ಧನ ಮೂರ್ತಿಯ ಮುಂದೆ ಮಂಡಿಯೂರಿ ಮೂರು ಸಲ ಬಾಗುವುದು ರೂಢಿ. ಬುದ್ಧ, ಧಮ್ಮ, ಸಂಘ (ಭಿಕ್ಷುಗಳ ಸಮುದಾಯ) ಮೂರಕ್ಕೂ ಒಂದೊಂದು. ಹಣೆ, ಎರಡು ಅಂಗೈ, ಎರಡು ಮಂಡಿ ನೆಲಕ್ಕೆ ತಾಗಬೇಕು. ಇದಕ್ಕೆ ಪಂಚಾಂಗ ವಂದನೆ ಅಂತ ಹೆಸರು. ಮೊಣಕಾಲು ನೋವಿದ್ದರೆ ನಿಂತು ಕೈಮುಗಿದರೆ ಸಾಕು. ವಯಸ್ಸಾದವರಿಗೆ ಕುರ್ಚಿ ಇರುತ್ತದೆ, ಸಂಕೋಚಪಡದೆ ಕೇಳಿ.

ಕೂತಾಗ ಕಾಲನ್ನು ಮೂರ್ತಿಯ ಕಡೆಗೋ ಭಿಕ್ಷುಗಳ ಕಡೆಗೋ ಚಾಚಬೇಡಿ. ಸ್ತೂಪ ಅಥವಾ ಬೋಧಿವೃಕ್ಷ ಇದ್ದರೆ ಬಲಕ್ಕೆ ಇಟ್ಟುಕೊಂಡು ಸುತ್ತು ಬನ್ನಿ. ನಮ್ಮ ಪ್ರದಕ್ಷಿಣೆಯ ಹಾಗೇ. ಅರಳಿ ಎಲೆ ಕೀಳಬೇಡಿ. ಬಿದ್ದಿದ್ದರೆ ಎತ್ತಿಕೊಳ್ಳಬಹುದು. ಮೂರ್ತಿಗೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆದುಕೊಳ್ಳುವುದು ದಯವಿಟ್ಟು ಬೇಡ. ಇದು ಅಲ್ಲಿಯವರಿಗೆ ನಿಜವಾಗಲೂ ನೋವು ಕೊಡುವ ವಿಷಯ.

ಭಿಕ್ಷುಗಳನ್ನು "ಭಂತೆ" ಅಂತ ಕರೆಯಿರಿ. ಸ್ವಾಮೀಜಿ ಅಂದರೂ ಬೇಸರ ಮಾಡಿಕೊಳ್ಳುವುದಿಲ್ಲ, ಆದರೆ ಭಂತೆ ಸರಿಯಾದ ಮಾತು. ಕೈ ಕುಲುಕಲು ಹೋಗಬೇಡಿ, ಕೈಮುಗಿಯಿರಿ. ಹೆಣ್ಣುಮಕ್ಕಳು ಭಿಕ್ಷುಗಳನ್ನು ಮುಟ್ಟಬಾರದು ಅನ್ನುವುದು ಭಿಕ್ಷುಗಳ ನಿಯಮಕ್ಕೆ ಸೇರಿದ್ದು. ಹೆಣ್ಣು ಕೀಳು ಅಂತ ಅಲ್ಲ. ತಿಂಗಳ ಮುಟ್ಟಿನ ದಿನ ವಿಹಾರಕ್ಕೆ ಬರಬಾರದು ಅನ್ನುವ ನಿಯಮವೂ ಇಲ್ಲಿಲ್ಲ. ಇದನ್ನು ನನ್ನ ಹತ್ತಿರ ಮೆಲುದನಿಯಲ್ಲಿ ಕೇಳಿದವರು ಬಹಳ ಜನ. ಧೈರ್ಯವಾಗಿ ಬನ್ನಿ.

ಹೂವು ಇಡುವಾಗ ಹೇಳುವ ಪಾಲಿ ಸಾಲು ನನಗೆ ಬಹಳ ಇಷ್ಟ: "ಪುಪ್ಫಂ ಮಿಲಾಯಾತಿ ಯಥಾ ಇದಂ ಮೇ, ಕಾಯೋ ತಥಾ ಯಾತಿ ವಿನಾಸಭಾವಂ." ಈ ಹೂವು ಬಾಡುವ ಹಾಗೇ ನನ್ನ ಈ ದೇಹವೂ ಅಳಿದುಹೋಗುತ್ತದೆ. ಅಲ್ಲಿ ಹೂವು ಇಟ್ಟು ಏನನ್ನೂ ಬೇಡುವುದಿಲ್ಲ. ಆ ಹೂವನ್ನು ನೋಡಿ ಒಂದು ವಿಷಯ ನೆನಪು ಮಾಡಿಕೊಳ್ಳುತ್ತೇವೆ.

ಹಂತ 4: ತಿಸರಣ ಮತ್ತು ಪಂಚಶೀಲ

ಪಾಲಿ ಬರುವುದಿಲ್ಲ ಅಂತ ಹೆದರಬೇಡಿ. ಭಂತೆ ಒಂದೊಂದು ಸಾಲು ಹೇಳುತ್ತಾರೆ, ನೀವು ಹಿಂದಿನಿಂದ ಹೇಳುತ್ತೀರಿ. ಪಾಲಿಗೆ ತನ್ನದೇ ಲಿಪಿ ಇಲ್ಲ. ಸಿಂಹಳದವರು ಸಿಂಹಳ ಲಿಪಿಯಲ್ಲಿ, ಬರ್ಮಾದವರು ಬರ್ಮಾ ಲಿಪಿಯಲ್ಲಿ ಬರೆಯುತ್ತಾರೆ. ನಮ್ಮ ಕನ್ನಡ ಲಿಪಿಯಲ್ಲಿ ಒಂದಕ್ಷರವೂ ಕೆಡದೆ ಬರೆಯಬಹುದು. ಞ, ಣ, ಳ ಎಲ್ಲ ನಮ್ಮಲ್ಲಿವೆಯಲ್ಲ. ಆದ್ದರಿಂದ ಇಂಗ್ಲಿಷ್ ಅಕ್ಷರದ ಹಾಳೆ ನೋಡಿ ತಡವರಿಸುವ ಬದಲು ಕನ್ನಡದಲ್ಲಿ ಬರೆದುಕೊಂಡು ಹೋಗಿ.

ಮೊದಲು ಮೂರು ಸಲ: "ನಮೋ ತಸ್ಸ ಭಗವತೋ ಅರಹತೋ ಸಮ್ಮಾಸಂಬುದ್ಧಸ್ಸ." ಪೂರ್ಣ ಅರಿವು ಪಡೆದ ಆ ಭಗವಂತನಿಗೆ ನಮಸ್ಕಾರ.

ಆಮೇಲೆ ತಿಸರಣ, ಅಂದರೆ ಮೂರು ಆಸರೆ: ಬುದ್ಧಂ ಸರಣಂ ಗಚ್ಛಾಮಿ, ಧಮ್ಮಂ ಸರಣಂ ಗಚ್ಛಾಮಿ, ಸಂಘಂ ಸರಣಂ ಗಚ್ಛಾಮಿ. ಇದನ್ನೇ "ದುತಿಯಂಪಿ", "ತತಿಯಂಪಿ" ಅಂತ ಸೇರಿಸಿ ಎರಡನೇ, ಮೂರನೇ ಸಲ ಹೇಳುತ್ತಾರೆ.

ಆಮೇಲೆ ಐದು ಶೀಲ. ಕೊಲ್ಲುವುದಿಲ್ಲ. ಕೊಡದ್ದನ್ನು ತೆಗೆದುಕೊಳ್ಳುವುದಿಲ್ಲ. ತಪ್ಪು ಲೈಂಗಿಕ ನಡತೆ ಇಲ್ಲ. ಸುಳ್ಳು ಹೇಳುವುದಿಲ್ಲ. ಅಮಲು ಬರಿಸುವುದನ್ನು ಮುಟ್ಟುವುದಿಲ್ಲ. ಪ್ರತಿಯೊಂದರ ಕೊನೆಯಲ್ಲಿ "ವೇರಮಣೀ ಸಿಕ್ಖಾಪದಂ ಸಮಾದಿಯಾಮಿ" ಅಂತ ಬರುತ್ತದೆ. ಸಿಕ್ಖಾಪದ ಅಂದರೆ ಕಲಿಕೆಯ ನಿಯಮ. ಗಮನಿಸಿ, ಇದು ದೇವರಿಗೆ ಹೊತ್ತ ಹರಕೆ ಅಲ್ಲ. "ಇದನ್ನು ಬಿಟ್ಟಿರುವ ಅಭ್ಯಾಸವನ್ನು ಕೈಗೊಳ್ಳುತ್ತೇನೆ" ಅಂತ ನಿಮಗೆ ನೀವೇ ಹೇಳಿಕೊಳ್ಳುವುದು. ತಪ್ಪಿದರೆ ಶಾಪ ಇಲ್ಲ. ಮತ್ತೆ ತೆಗೆದುಕೊಳ್ಳಬೇಕು.

ಮತಾಂತರದ ಪ್ರಶ್ನೆಗೆ ಬರುತ್ತೇನೆ. ವಿಹಾರದಲ್ಲಿ ಕೂತು ಎಲ್ಲರ ಜೊತೆ ಈ ಸಾಲು ಹೇಳಿದರೆ ಯಾವ ದಾಖಲೆಯೂ ಬದಲಾಗುವುದಿಲ್ಲ. ಯಾರೂ ನಿಮ್ಮ ಸಹಿ ಕೇಳುವುದಿಲ್ಲ. ಮನೆಯ ದೇವರ ಕೋಣೆ ಮುಚ್ಚಿ ಅಂತಲೂ ಹೇಳುವುದಿಲ್ಲ. ಆದರೆ ಅಂಬೇಡ್ಕರ್ ದಾರಿಯ ಧಮ್ಮದೀಕ್ಷೆ ಬೇರೆ. ಅಲ್ಲಿ 22 ಪ್ರತಿಜ್ಞೆಗಳಲ್ಲಿ ಹಳೆಯ ದೇವರ ಪೂಜೆ ಬಿಡುತ್ತೇನೆ ಅನ್ನುವ ಮಾತುಗಳಿವೆ. ಅದು ಬದುಕಿನ ದೊಡ್ಡ ತೀರ್ಮಾನ. ಯೋಚಿಸಿ, ಓದಿ, ಮನಸ್ಸು ಗಟ್ಟಿ ಮಾಡಿಕೊಂಡು ತೆಗೆದುಕೊಳ್ಳಿ. ಈ ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಹಾಗಂತ ಬಾಯಲ್ಲಿ ಸುಮ್ನೆ ಹೇಳಿಬಿಡುವುದನ್ನೂ ನಾನು ಒಪ್ಪುವುದಿಲ್ಲ. ಐದನೇ ಶೀಲ ಈ ವಾರ ಪಾಲಿಸಲು ಆಗುವುದಿಲ್ಲ ಅಂತ ಗೊತ್ತಿದ್ದರೆ ಆ ಸಾಲಿಗೆ ಸುಮ್ಮನಿರಿ. ಯಾರೂ ತಿರುಗಿ ನೋಡುವುದಿಲ್ಲ. ಪಾಲಿಸಲು ಆಗುವ ನಾಲ್ಕನ್ನು ನಿಜವಾಗಿ ತೆಗೆದುಕೊಳ್ಳುವುದು ಮೇಲು.

ಹಂತ 5: ಸಂಘದಾನ ಕೊಡುವುದು

ಹೆಚ್ಚು ಜನ ಕೇಳುವುದೂ ಇದನ್ನೇ, ಹೆಚ್ಚು ಜನ ಎಡವುವುದೂ ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸಂಘದಾನ ಅಂದರೆ ಒಬ್ಬ ಭಿಕ್ಷುವಿಗೆ ಅಲ್ಲ, ಭಿಕ್ಷುಗಳ ಇಡೀ ಸಮುದಾಯಕ್ಕೆ ಕೊಡುವ ಊಟ ಅಥವಾ ವಸ್ತು. "ನಮಗೆ ಆ ಭಂತೆ ಪರಿಚಯ, ಅವರಿಗೇ ಕೊಡಬೇಕು" ಅನ್ನುವುದಕ್ಕಿಂತ ಸಂಘಕ್ಕೆ ಅಂತ ಕೊಡುವುದು ದೊಡ್ಡದು ಅಂತ ಪಾಲಿ ಗ್ರಂಥಗಳು ಹೇಳುತ್ತವೆ.

ಮೊದಲು ದಿನ ಗೊತ್ತು ಮಾಡಿ. ಕನಿಷ್ಠ ಎರಡು ಮೂರು ವಾರ ಮುಂಚೆ ಕಚೇರಿಗೆ ಹೇಳಿ. ಹುಟ್ಟುಹಬ್ಬ, ಮದುವೆಯ ವಾರ್ಷಿಕ ದಿನ, ತೀರಿಕೊಂಡವರ ನೆನಪು, ಹೊಸ ಮನೆ ಯಾವ ಕಾರಣವೂ ಆದೀತು. ಹುಣ್ಣಿಮೆ ಮತ್ತು ಭಾನುವಾರಗಳನ್ನು ಬೇರೆ ಕುಟುಂಬಗಳು ಮೊದಲೇ ಹಿಡಿದಿರುತ್ತವೆ. ವಾರದ ಮಧ್ಯದ ದಿನ ಕೇಳಿದರೆ ಸುಲಭವಾಗಿ ಸಿಗುತ್ತದೆ. ಸಂಘಕ್ಕೆ ನಿಜವಾಗಿ ಬೇಕಿರುವುದೂ ಅಂಥ ದಿನಗಳಲ್ಲೇ.

ಎಷ್ಟು ಜನ ಅಂತ ಕೇಳಿ. ಭಿಕ್ಷುಗಳು ಎಷ್ಟು, ಶ್ರಾಮಣೇರರು ಎಷ್ಟು, ಕೆಲಸದವರು ಎಷ್ಟು ಅಂತ ಬೇರೆ ಬೇರೆ ಕೇಳಿ. ಸಕ್ಕರೆ ಕಾಯಿಲೆ, ಖಾರ ಆಗದವರು ಇದ್ದಾರಾ ಅದನ್ನೂ ಕೇಳಿ. ಅಡುಗೆಯನ್ನು ನಮ್ಮ ಮನೆಯಲ್ಲೇ ಮಾಡಿ ತರಬೇಕಾ, ವಿಹಾರದ ಅಡುಗೆಮನೆಯಲ್ಲಿ ಮಾಡಬಹುದಾ, ಖರ್ಚು ಕೊಟ್ಟರೆ ಅವರೇ ಮಾಡುತ್ತಾರಾ? ಮೂರೂ ರೂಢಿಯಲ್ಲಿವೆ.

ಅಡುಗೆ ಸಸ್ಯಾಹಾರ ಇರಲಿ. ಥೇರವಾದ ಭಿಕ್ಷುಗಳಿಗೆ ಮಾಂಸ ಪೂರ್ತಿ ನಿಷೇಧ ಅಲ್ಲ. ತಮಗಾಗಿ ಕೊಂದದ್ದು ಅಂತ ಕಂಡಿರಬಾರದು, ಕೇಳಿರಬಾರದು, ಅನುಮಾನವೂ ಇರಬಾರದು ಅನ್ನುವುದು ಅವರ ನಿಯಮ. ಆ ಲೆಕ್ಕಾಚಾರಕ್ಕೆ ಹೋಗದೆ ಸಸ್ಯಾಹಾರ ಕೊಟ್ಟುಬಿಡಿ. ಅನ್ನ, ಸಾರು, ಹುರುಳಿಕಾಯಿ ಪಲ್ಯ, ಚಪಾತಿ, ಮೊಸರು, ಹಣ್ಣು, ಒಂದು ಸಿಹಿ. ನಮ್ಮ ಮನೆಯ ಊಟವೇ ಸಾಕು. ಮುದ್ದೆ ಕೊಡಬಹುದಾ ಅಂತ ಒಬ್ಬರು ಕೇಳಿದ್ದರು. ಖಂಡಿತ ಕೊಡಬಹುದು. ಆದರೆ ಈಶಾನ್ಯದ ಹುಡುಗರಿಗೆ ಅಭ್ಯಾಸ ಇರುವುದಿಲ್ಲ, ಜೊತೆಗೆ ಅನ್ನ ಇರಲಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ಹೊತ್ತು. ಭಿಕ್ಷುಗಳು ಮಧ್ಯಾಹ್ನ ಕಳೆದ ಮೇಲೆ ಊಟ ಮಾಡುವುದಿಲ್ಲ. ಮರುದಿನ ಬೆಳಗಾಗುವವರೆಗೂ ಗಟ್ಟಿ ಆಹಾರ ಇಲ್ಲ. ನಿಯಮದ ಪ್ರಕಾರ ಸೂರ್ಯ ನೆತ್ತಿಗೆ ಬರುವುದೇ ಮಧ್ಯಾಹ್ನ. ಬೆಂಗಳೂರಿನಲ್ಲಿ ಅದು ಗಡಿಯಾರದ 12 ಗಂಟೆಗಿಂತ ಸ್ವಲ್ಪ ತಡವಾಗಿ ಆಗುತ್ತದೆ. ಆದರೆ ಆ ಲೆಕ್ಕ ನಂಬಿಕೊಂಡು ಹೊರಡಬೇಡಿ. 12 ಗಂಟೆಗೆ ಊಟ ಮುಗಿದಿರಬೇಕು ಅಂದುಕೊಳ್ಳಿ. ಅಂದರೆ 11ಕ್ಕೆ ಬಡಿಸಲು ಶುರು ಆಗಬೇಕು. ಅಂದರೆ 10.30ಕ್ಕೆ ಪಾತ್ರೆಗಳು ವಿಹಾರದ ಒಳಗೆ ಇರಬೇಕು.

ನನ್ನ ಮೊದಲ ದಾನದ ದಿನ ನಾನು ವಿಜಯನಗರದಿಂದ 11ಕ್ಕೆ ಹೊರಟು, ಟ್ರಾಫಿಕ್ಕಿನಲ್ಲಿ ಸಿಕ್ಕಿ, 12 ದಾಟಿದ ಮೇಲೆ ತಲುಪಿದೆ. ಭಿಕ್ಷುಗಳು ಅಡುಗೆಮನೆಯಲ್ಲಿ ಇದ್ದದ್ದನ್ನೇ ಉಂಡು ಎದ್ದಿದ್ದರು. ಯಾರೂ ಒಂದು ಮಾತು ಅನ್ನಲಿಲ್ಲ. ಆದರೆ ಅಮ್ಮ ನಸುಕಿನಲ್ಲಿ ಎದ್ದು ಮಾಡಿದ ಅಡುಗೆ ಅವರ ಪಾತ್ರೆಗೆ ಬೀಳಲಿಲ್ಲ. ಆ ದಿನ ಅಮ್ಮನ ಮುಖ ನೋಡಲು ನನಗೆ ಆಗಲಿಲ್ಲ. ಬೇಗ ಹೊರಡಿ.

ಅಲ್ಲಿ ನಡೆಯುವ ಕ್ರಮ ಹೀಗೆ. ಮೊದಲು ಒಂದು ಚಿಕ್ಕ ತಟ್ಟೆಯಲ್ಲಿ ಎಲ್ಲ ಅಡುಗೆಯಿಂದ ಸ್ವಲ್ಪ ಸ್ವಲ್ಪ ತೆಗೆದು ಬುದ್ಧನ ಮುಂದೆ ಇಡುತ್ತಾರೆ. ಆಮೇಲೆ ನೀವೆಲ್ಲ ಶೀಲ ತೆಗೆದುಕೊಳ್ಳುತ್ತೀರಿ. ಆಮೇಲೆ "ಇಮಂ ಭಿಕ್ಖಂ ಸಪರಿಕ್ಖಾರಂ ಭಿಕ್ಖುಸಂಘಸ್ಸ ದೇಮ" ಅಂತ ಮೂರು ಸಲ ಹೇಳುತ್ತೀರಿ. ಈ ಭಿಕ್ಷೆಯನ್ನು, ಜೊತೆಗಿರುವ ವಸ್ತುಗಳನ್ನು ಭಿಕ್ಷುಸಂಘಕ್ಕೆ ಕೊಡುತ್ತೇವೆ ಅಂತ ಅರ್ಥ. ಕೊಡುವಾಗ ಎರಡೂ ಕೈಯಿಂದ, ಕೈಗೇ ಕೊಡಬೇಕು. ಮೇಜಿನ ಮೇಲೆ ಇಟ್ಟು "ತಗೊಳ್ಳಿ ಭಂತೆ" ಅಂದರೆ ಸಾಲದು. ಕೈಗೆ ಕೊಡದ್ದನ್ನು ಅವರು ತಿನ್ನುವಂತಿಲ್ಲ. ಹೆಣ್ಣುಮಕ್ಕಳು ಕೊಡುವಾಗ ಕೆಲವು ಭಿಕ್ಷುಗಳು ಒಂದು ಬಟ್ಟೆ ಹಾಸುತ್ತಾರೆ, ಅದರ ಮೇಲೆ ಇಡಿ. ಬೀಜ ಇರುವ ಹಣ್ಣಿದ್ದರೆ "ಕಪ್ಪಿಯಂ ಕರೋಹಿ", ಅಂದರೆ ನಾವು ತಿನ್ನಲು ತಕ್ಕದ್ದಾಗಿ ಮಾಡು, ಅಂತ ಕೆಲವು ಭಿಕ್ಷುಗಳು ಕೇಳಬಹುದು. ಆಗ ಚಾಕುವಿನಿಂದ ಹಣ್ಣಿಗೆ ಒಂದು ಗುರುತು ಮಾಡಿ "ಕಪ್ಪಿಯಂ ಭಂತೆ" ಅನ್ನಿ. ಮೊಳೆಯುವ ಬೀಜಕ್ಕೂ ತಾವು ಹಾನಿ ಮಾಡಬಾರದು ಅನ್ನುವ ನಿಯಮದಿಂದ ಬಂದದ್ದು ಇದು.

ಭಿಕ್ಷುಗಳು ಉಂಡ ಮೇಲೆ ನೀವು ಉಣ್ಣಿ. ಮಕ್ಕಳಿಗೆ ಹಸಿವಾಗುತ್ತದೆ, ಅವರಿಗೆ ಬರುವ ಮುಂಚೆಯೇ ಏನಾದರೂ ತಿನ್ನಿಸಿ ಕರೆದುಕೊಂಡು ಬನ್ನಿ.

ಕೊನೆಗೆ ಪುಣ್ಯಾನುಮೋದನೆ, ಅಂದರೆ ದಾನದ ಪುಣ್ಯವನ್ನು ತೀರಿಕೊಂಡ ಬಂಧುಗಳ ಜೊತೆ ಹಂಚಿಕೊಳ್ಳುವುದು. ಒಂದು ಚೆಂಬಿನಿಂದ ಬಟ್ಟಲಿಗೆ ನೀರನ್ನು ನಿಧಾನವಾಗಿ ಸುರಿಯುತ್ತೀರಿ, ಬಟ್ಟಲು ತುಂಬಿ ತಟ್ಟೆಗೆ ಹರಿಯುತ್ತದೆ. ಭಿಕ್ಷುಗಳು "ಇದಂ ವೋ ಞಾತೀನಂ ಹೋತು, ಸುಖಿತಾ ಹೋಂತು ಞಾತಯೋ" ಅಂತ ಪಠಿಸುತ್ತಾರೆ. ಇದು ನಮ್ಮ ಬಂಧುಗಳಿಗೆ ಸೇರಲಿ, ಅವರು ಸುಖವಾಗಿರಲಿ. ಎಳ್ಳುನೀರು ಬಿಟ್ಟು ಬೆಳೆದ ನಮಗೆ ಇದು ಹೊಸದು ಅನ್ನಿಸುವುದಿಲ್ಲ. ಆ ನೀರನ್ನು ಆಮೇಲೆ ಗಿಡದ ಬುಡಕ್ಕೆ ಹಾಕಿ. ಎಲ್ಲರೂ ಮೂರು ಸಲ "ಸಾಧು" ಅನ್ನುತ್ತಾರೆ. ಒಳ್ಳೆಯದಾಯಿತು ಅಂತ ಅರ್ಥ.

ದುಡ್ಡನ್ನು ಭಿಕ್ಷುವಿನ ಕೈಗೆ ಕೊಡಬೇಡಿ. ಚಿನ್ನ, ಬೆಳ್ಳಿ, ಹಣ ಮುಟ್ಟಬಾರದು ಅನ್ನುವುದು ಅವರ ನಿಯಮ. ಹುಂಡಿಗೆ ಹಾಕಿ, ಇಲ್ಲವೇ ಕಚೇರಿಯಲ್ಲಿ ಕೊಟ್ಟು ರಸೀದಿ ತೆಗೆದುಕೊಳ್ಳಿ. ವಸ್ತು ಕೊಡುವುದಾದರೆ ಏನು ಬೇಕು ಅಂತ ಕೇಳಿ ತನ್ನಿ. ಬಿಸ್ಕತ್ತು, ಬಾಳೆಹಣ್ಣು ಎಲ್ಲರೂ ತರುತ್ತಾರೆ. ಸೋಪು, ಟವೆಲ್, ನೋಟ್‌ಬುಕ್ಕು, ನೆಗಡಿ ಜ್ವರದ ಮಾತ್ರೆ, ಸೊಳ್ಳೆಪರದೆ ಇವುಗಳ ನೆನಪು ಯಾರಿಗೂ ಬರುವುದಿಲ್ಲ. ಚೀವರ, ಅಂದರೆ ಭಿಕ್ಷುಗಳ ಬಟ್ಟೆ, ಕೊಡುವುದಾದರೆ ಬಣ್ಣ ಮತ್ತು ಅಳತೆ ಕೇಳದೆ ಕೊಳ್ಳಬೇಡಿ. ಸಂಜೆ ಹೋಗುವುದಾದರೆ ತಿಂಡಿ ಬೇಡ. ಸೋಸಿದ ಹಣ್ಣಿನ ರಸ, ಜೇನುತುಪ್ಪ, ಬೆಲ್ಲ ಸಂಜೆಯೂ ನಡೆಯುತ್ತದೆ.

ಹಂತ 6: ತೀರಿಕೊಂಡವರ ಹೆಸರಿನಲ್ಲಿ

ಥೇರವಾದದಲ್ಲಿ ಏಳನೇ ದಿನ, ಮೂರು ತಿಂಗಳು, ಒಂದು ವರ್ಷಕ್ಕೆ ದಾನ ಕೊಡುವ ರೂಢಿ ಇದೆ. ಪಿಂಡ ಇಲ್ಲ, ಕಾಗೆಗೆ ಕಾಯುವುದಿಲ್ಲ. ಹೆಣ್ಣುಮಕ್ಕಳೂ ನೀರು ಸುರಿಯುತ್ತಾರೆ. ಗಂಡುಮಕ್ಕಳಿಲ್ಲದ ಮನೆಯವರು, ಅಪ್ಪನಿಗೆ ತಾವೇ ಏನಾದರೂ ಮಾಡಬೇಕು ಅನ್ನುವ ಮಗಳಂದಿರು ವಿಹಾರ ಹುಡುಕಿಕೊಂಡು ಬರುವುದು ಬಹಳ ಸಲ ಇದಕ್ಕೇ.

ಅಂತ್ಯಕ್ರಿಯೆಗೆ ಭಿಕ್ಷುಗಳನ್ನು ಕರೆಯುವುದಾದರೆ ವಾಹನದ ವ್ಯವಸ್ಥೆ ನೀವೇ ಮಾಡಬೇಕು. ಒಂದು ಬಿಳಿ ಬಟ್ಟೆ ಸಿದ್ಧ ಇಟ್ಟುಕೊಳ್ಳಿ, ಅದನ್ನು ಸಂಘಕ್ಕೆ ಕೊಡುತ್ತಾರೆ. ಆಗ ಹೇಳುವ ಸಾಲು "ಅನಿಚ್ಚಾ ವತ ಸಂಖಾರಾ, ಉಪ್ಪಾದವಯಧಮ್ಮಿನೋ". ಕೂಡಿ ಆದದ್ದೆಲ್ಲ ಉಳಿಯುವುದಿಲ್ಲ, ಹುಟ್ಟುವುದು ಅಳಿಯುವುದು ಅದರ ಗುಣ.

ಇಲ್ಲಿ ಒಂದು ಎಚ್ಚರಿಕೆ. ಮನೆಯಲ್ಲಿ ಒಬ್ಬರಿಗೆ ವಿಹಾರ ಬೇಕು, ಇನ್ನೊಬ್ಬರಿಗೆ ತಿಥಿ ಬೇಕು ಅಂತ ಜಗಳ ಆಗುತ್ತದೆ. ದುಃಖದ ಮನೆಯಲ್ಲಿ ಗೆಲ್ಲಲು ಹೋಗಬೇಡಿ. ತಿಥಿ ಅವರ ಇಷ್ಟದಂತೆ ನಡೆಯಲಿ. ಆ ವಾರದಲ್ಲೇ ಇನ್ನೊಂದು ದಿನ ವಿಹಾರದಲ್ಲಿ ದಾನ ಕೊಡಿ, ಅವರನ್ನೂ ಕರೆಯಿರಿ. ದಾನಕ್ಕೆ ಮುಹೂರ್ತ ಇಲ್ಲ, ರಾಹುಕಾಲ ನೋಡಬೇಕಿಲ್ಲ.

ಹಂತ 7: ವರ್ಷದ ದಿನಗಳನ್ನು ಗುರುತು ಹಾಕಿಕೊಳ್ಳಿ

ನಿಮ್ಮ ಗೋಡೆಯ ಕ್ಯಾಲೆಂಡರ್ ಸಾಕು. ಹುಣ್ಣಿಮೆ, ಅಮಾವಾಸ್ಯೆ, ಎರಡು ಅಷ್ಟಮಿ ಇವು ಉಪೋಸಥದ, ಅಂದರೆ ವ್ರತದ, ದಿನಗಳು. ಆ ದಿನ ಮನೆಮಂದಿಯೂ ಐದರ ಬದಲು ಎಂಟು ಶೀಲ ತೆಗೆದುಕೊಳ್ಳಬಹುದು. ಬ್ರಹ್ಮಚರ್ಯ, ಮಧ್ಯಾಹ್ನದ ಮೇಲೆ ಊಟ ಇಲ್ಲ, ಹಾಡು ಕುಣಿತ ಅಲಂಕಾರ ಇಲ್ಲ, ಮೆತ್ತನೆಯ ಎತ್ತರದ ಹಾಸಿಗೆ ಇಲ್ಲ. ಸಕ್ಕರೆ ಕಾಯಿಲೆ ಇರುವವರು, ಬಸುರಿಯರು, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಬೇಕಾದವರು ಡಾಕ್ಟರನ್ನು ಕೇಳದೆ ಊಟ ಬಿಡಬೇಡಿ. ಬೇರೆ ಬೇರೆ ದೇಶದ ಕ್ಯಾಲೆಂಡರ್ ನೋಡುವುದರಿಂದ ಕೆಲವೊಮ್ಮೆ ಒಂದು ದಿನ ಹೆಚ್ಚು ಕಡಿಮೆ ಆಗುತ್ತದೆ. ವಿಹಾರದ ಪಟ್ಟಿಯನ್ನೇ ನಂಬಿ.

ವೈಶಾಖದ ಹುಣ್ಣಿಮೆ, ಉತ್ತರ ಕರ್ನಾಟಕದವರ ಆಗಿ ಹುಣ್ಣಿಮೆ, ಬುದ್ಧ ಹುಟ್ಟಿದ, ಅರಿವು ಪಡೆದ, ತೀರಿಕೊಂಡ ದಿನ. ಮೂರೂ ಒಂದೇ ದಿನ ಅಂತ ಥೇರವಾದದ ನಂಬಿಕೆ. ವಿಹಾರ ತುಂಬಿ ತುಳುಕುತ್ತದೆ. ನನ್ನ ಸಲಹೆ, ಮೊದಲ ಭೇಟಿಗೆ ಆ ದಿನ ಆರಿಸಿಕೊಳ್ಳಬೇಡಿ. ಯಾರಿಗೂ ನಿಮ್ಮ ಜೊತೆ ಮಾತಾಡಲು ಬಿಡುವಿರುವುದಿಲ್ಲ.

ಆಷಾಢದ ಹುಣ್ಣಿಮೆ ಸಾರನಾಥದ ಮೊದಲ ಉಪದೇಶದ ನೆನಪು. ಮರುದಿನದಿಂದ ವರ್ಷಾವಾಸ, ಅಂದರೆ ಮಳೆಗಾಲದ ಮೂರು ತಿಂಗಳು ಭಿಕ್ಷುಗಳು ಒಂದೇ ಕಡೆ ಉಳಿಯುವುದು. ಹೊಸಬರಿಗೆ ಇದೇ ಒಳ್ಳೆಯ ಕಾಲ. ಭಿಕ್ಷುಗಳು ಊರಲ್ಲೇ ಇರುತ್ತಾರೆ, ಪಾಠ ಪ್ರವಚನ ಜಾಸ್ತಿ ನಡೆಯುತ್ತವೆ. ಸೀಗಿ ಹುಣ್ಣಿಮೆಗೆ ವರ್ಷಾವಾಸ ಮುಗಿಯುತ್ತದೆ. ಅಲ್ಲಿಂದ ಗೌರಿ ಹುಣ್ಣಿಮೆಯವರೆಗಿನ ಒಂದು ತಿಂಗಳಲ್ಲಿ ಕಠಿನ ಚೀವರ ದಾನ, ಅಂದರೆ ವರ್ಷಾವಾಸ ಮುಗಿಸಿದ ಭಿಕ್ಷುಗಳಿಗೆ ಬಟ್ಟೆ ಕೊಡುವುದು. ಒಂದು ವಿಹಾರದಲ್ಲಿ ವರ್ಷಕ್ಕೆ ಒಂದೇ ಸಲ. ಇದನ್ನು ಊರೆಲ್ಲ ಸೇರಿ ಮಾಡುತ್ತಾರೆ, ನೀವು ಒಂದು ಪಾಲು ಹಾಕಿ. ಬಾಬಾಸಾಹೇಬರು ದೀಕ್ಷೆ ಪಡೆದ ನೆನಪಿನ ಅಕ್ಟೋಬರ್ 14ರ ಧಮ್ಮಚಕ್ರ ಪ್ರವರ್ತನ ದಿನವೂ ಬಹಳ ಸಲ ಇದೇ ಆಸುಪಾಸಿಗೆ ಬರುತ್ತದೆ.

ಹಂತ 8: ಕೈ ಜೋಡಿಸುವುದು

ನಾಲ್ಕೈದು ಸಲ ಹೋದ ಮೇಲೆ "ನಾನೇನು ಮಾಡಲಿ?" ಅಂತ ಕಚೇರಿಯಲ್ಲಿ ಕೇಳಿ. ಪಾತ್ರೆ ತೊಳೆಯುವುದು, ಅಂಗಳ ಗುಡಿಸುವುದು, ಹಬ್ಬದ ದಿನ ಚಪ್ಪಲಿ ಸ್ಟ್ಯಾಂಡ್ ನೋಡಿಕೊಳ್ಳುವುದು ಇವೇ ಮೊದಲು ಸಿಗುವ ಕೆಲಸಗಳು. ಬೇಸರ ಮಾಡಿಕೊಳ್ಳಬೇಡಿ. ಊಟಕ್ಕೆ ಕೂತ ಭಿಕ್ಷುಗಳಿಂದ ಕಲಿತದ್ದಕ್ಕಿಂತ ಪಾತ್ರೆ ತೊಳೆಯುವ ಜಾಗದಲ್ಲಿ ನಾನು ಕಲಿತದ್ದು ಕಡಿಮೆ ಏನಲ್ಲ.

ವಿಹಾರದ ಕೆಲಸ ಗೋಡೆಯ ಒಳಗೇ ನಿಲ್ಲುವುದಿಲ್ಲ. ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯದವರಿಗೆ ಇರುವ ವಿಭಾಗದ ಹೆಸರೇ ಮಹಾಬೋಧಿ. ಬೆಂಗಳೂರಿನವರು ಪೇಪರಿನಲ್ಲಿ ಆ ಹೆಸರು ಎಷ್ಟೋ ಸಲ ಓದಿರುತ್ತೀರಿ.

ನಿಮಗೆ ಕನ್ನಡ ಚೆನ್ನಾಗಿ ಬರುತ್ತದೆಯಲ್ಲ, ಅದೂ ಒಂದು ದಾನವೇ. ಹೊರ ರಾಜ್ಯಗಳಿಂದ ಬಂದ ಕಿರಿಯ ಶ್ರಾಮಣೇರರಿಗೆ ಮಾತಾಡುವಷ್ಟು ಕನ್ನಡ ಕಲಿಸಿದರೆ ಅವರಿಗೂ ಅನುಕೂಲ, ಮುಂದೆ ಅವರ ಬಾಯಿಂದ ಕನ್ನಡದಲ್ಲಿ ಧಮ್ಮ ಕೇಳುವ ನಮಗೂ ಅನುಕೂಲ. ಭಾನುವಾರ ಒಂದು ಗಂಟೆ ಸಾಕು. ಪಾಠದ ಹೊತ್ತು ಅವರ ದಿನಚರಿಗೆ ಹೊಂದಬೇಕು, ಆದ್ದರಿಂದ ಮೊದಲು ಹಿರಿಯ ಭಂತೆಯ ಒಪ್ಪಿಗೆ ಕೇಳಿ, ಆಮೇಲೆ ಸ್ಲೇಟು ಬಳಪ ತೆಗೆದುಕೊಂಡು ಹೋಗಿ.